ಹಾಡು ಗೊತ್ತಿಲ್ಲ ಅಂತ ಹಿಂಜರಿಯಬೇಡಿ, ಹೋಗಿ ಬನ್ನಿ

"ಅಕ್ಕ, ನಾನು ನ್ಯೂಯಾರ್ಕ್ ಹತ್ತಿರದ ಹಿಕ್ಸ್‌ವಿಲ್‌ಗೆ ಬಂದು ಮೂರು ತಿಂಗಳಾಯಿತು. ಆಫೀಸಿನವರು ಎಪ್ಪತ್ತು ದಾಟಿದ ಒಬ್ಬ ಪಾಪ್ ಗಾಯಕರ ಕಾರ್ಯಕ್ರಮಕ್ಕೆ ಕರೆಯುತ್ತಿದ್ದಾರೆ. ಅವರ ಒಂದು ಹಾಡೂ ನನಗೆ ಗೊತ್ತಿಲ್ಲ. ಅಷ್ಟು ದುಡ್ಡು ಕೊಟ್ಟು ಹೋಗಬೇಕಾ?" ಅಂತ ಕೇಳಿದ್ದೀರಿ. ಹೋಗಿ. ಯಾಕೆ ಅಂತ ನನ್ನ ಅನುಭವದಿಂದಲೇ ಹೇಳುತ್ತೇನೆ.

ನೀವು ಈಗ ಇರುವ ಊರು, ಪಿಯಾನೋ ನುಡಿಸುತ್ತಾ ಹಾಡುವ ಅಮೆರಿಕದ ಹೆಸರಾಂತ ಪಾಪ್ ಗಾಯಕ ಬಿಲ್ಲಿ ಜೋಯೆಲ್ ಬೆಳೆದ ಊರು. 1949ರಲ್ಲಿ ಬ್ರಾಂಕ್ಸ್‌ನಲ್ಲಿ ಹುಟ್ಟಿದರು, ಬೆಳೆದದ್ದು ಇಲ್ಲೇ. ರಾತ್ರಿಯೆಲ್ಲ ಬಾರ್‌ನಲ್ಲಿ ಪಿಯಾನೋ ನುಡಿಸುತ್ತಿದ್ದ ಹುಡುಗನಿಗೆ 1967ರಲ್ಲಿ ಹೈಸ್ಕೂಲು ಮುಗಿಸಲಾಗಲಿಲ್ಲ, ಇಂಗ್ಲಿಷ್ ಕೈಕೊಟ್ಟಿತು. ಅದೇ ಶಾಲೆ 25 ವರ್ಷ ಆದ ಮೇಲೆ, 1992ರಲ್ಲಿ, ಡಿಪ್ಲೊಮಾ ಕೊಟ್ಟಿತು. ನನ್ನ ಮಗ ಓದಿದ್ದೂ ಆ ಶಾಲೆಯಲ್ಲೇ. ಆದರೂ ಹದಿನೈದು ವರ್ಷ ಇಲ್ಲಿದ್ದು ಅವರ ಒಂದು ಹಾಡನ್ನೂ ನಾನು ಕಿವಿಗೊಟ್ಟು ಕೇಳಿರಲಿಲ್ಲ. ಕೆಲಸ, ಮನೆ, ಶನಿವಾರ ಫ್ಲಶಿಂಗ್‌ನ ಗಣೇಶನ ದೇವಸ್ಥಾನ, ಅಲ್ಲಿನ ಕ್ಯಾಂಟೀನಿನ ದೋಸೆ. ಇಷ್ಟರಲ್ಲೇ ದಿನ ಹೋಗುತ್ತಿತ್ತು.

2023ರಲ್ಲಿ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಅವರ ಗಂಡ ಆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಇಬ್ಬರಿಗೂ ಅಂತ ತೆಗೆದಿಟ್ಟ ಜೋಯೆಲ್ ಕಾರ್ಯಕ್ರಮದ ಟಿಕೆಟ್‌ನಲ್ಲಿ ಒಂದು ಉಳಿದಿತ್ತು. "ನೀನು ಬರ್ತೀಯಾ?" ಅಂದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

2014ರ ಜನವರಿಯಿಂದ ಜೋಯೆಲ್ ತಿಂಗಳಿಗೊಮ್ಮೆ ನ್ಯೂಯಾರ್ಕಿನ ದೊಡ್ಡ ಒಳಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಾಡುತ್ತಿದ್ದರು. ಕೊರೊನಾ ಕಾಲದಲ್ಲಿ ಮಾತ್ರ ನಿಂತಿತ್ತು. ಗಾರ್ಡನ್ ಇರುವುದು ಪೆನ್ ಸ್ಟೇಷನ್ ಮೇಲೆಯೇ, ನಮ್ಮ ರೈಲು ಇಳಿದರೆ ಮೆಟ್ಟಿಲು ಹತ್ತುವುದಷ್ಟೇ. ನಮ್ಮ ಸೀಟು ತುಂಬಾ ಮೇಲೆ, ಹಿಂದೆ ಇತ್ತು. ಅಂದ ಹಾಗೆ, ಎದುರಿನ ಮೊದಲ ಸಾಲನ್ನು ಅವರು ಮಾರುತ್ತಲೇ ಇರಲಿಲ್ಲ. ತಮ್ಮ ಕಡೆಯವರನ್ನು ಕಳಿಸಿ, ಹಿಂದೆ ಕೂತ ಅಭಿಮಾನಿಗಳನ್ನು ಕರೆಸಿ ಅಲ್ಲಿ ಕೂರಿಸುತ್ತಿದ್ದರು. ಇದನ್ನು ಕೇಳಿದಾಗಲೇ ಆ ಮನುಷ್ಯನ ಮೇಲೆ ಗೌರವ ಬಂತು.

ದನಿ ಹಳೆಯ ರೆಕಾರ್ಡಿನಂತೆ ಇರಲಿಲ್ಲ. ಇರಬೇಕು ಅಂತ ಕೇಳುವುದೂ ಸರಿಯಲ್ಲ. ಸ್ವರ ಸ್ವಲ್ಪ ಭಾರವಾಗಿತ್ತು, ಮೇಲಕ್ಕೆ ಹೋಗುವಾಗ ಉಸಿರು ಹಿಡಿದು ಹತ್ತುತ್ತಿದ್ದರು. ಆದರೆ ಬೆರಳು! ಪಿಯಾನೋ ಮೇಲೆ ಆ ಬೆರಳುಗಳಿಗೆ ವಯಸ್ಸೇ ಆಗಿರಲಿಲ್ಲ. ಪಕ್ಕದಲ್ಲಿ ಗಿಟಾರ್ ಹಿಡಿದು ದನಿಗೂಡಿಸುತ್ತಿದ್ದವರು ಮೈಕ್ ಡೆಲ್‌ಗ್ವಿಡಿಸ್. ಒಂದು ಕಾಲದಲ್ಲಿ ನಮ್ಮ ಊರಿರುವ ಇದೇ ಲಾಂಗ್ ಐಲ್ಯಾಂಡ್‌ನಲ್ಲಿ ಜೋಯೆಲ್ ಹಾಡುಗಳನ್ನೇ ಹಾಡುವ ತಂಡ ಕಟ್ಟಿದ್ದವರು, ಈಗ ಅವರದೇ ವೇದಿಕೆಯಲ್ಲಿ.

ಕೊನೆಯ ಹೊತ್ತಿಗೆ ಜೋಯೆಲ್ ಹಾರ್ಮೋನಿಕಾವನ್ನು ಕುತ್ತಿಗೆಗೆ ಹಾಕಿಕೊಂಡರು. ಜನ ಕೂಗಿದರು. 1973ರ 'ಪಿಯಾನೋ ಮ್ಯಾನ್' ಅದು. ಅದಕ್ಕೂ ಮೊದಲು ಲಾಸ್ ಏಂಜಲೀಸ್‌ನ ಒಂದು ಬಾರ್‌ನಲ್ಲಿ ಬೇರೆ ಹೆಸರಿಟ್ಟುಕೊಂಡು ನುಡಿಸುತ್ತಿದ್ದಾಗ ಕಂಡ, ಒಂಟಿಯಾಗಿ ಬಂದು ಕೂರುವ ಜನರ ಹಾಡು. ಕೊನೆಕೊನೆಗೆ ವಾದ್ಯವೆಲ್ಲ ನಿಂತಿತು. ಅವರೂ ಸುಮ್ಮನಾದರು. ಇಡೀ ಗಾರ್ಡನ್ ಒಂದೇ ದನಿಯಲ್ಲಿ ಪಲ್ಲವಿ ಹಾಡಿತು. ಊರಲ್ಲಿ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ ಬೀದಿಯೆಲ್ಲ ದನಿಗೂಡಿಸುತ್ತೆ ನೋಡಿ, ಹಾಗೆ. ಅಜ್ಜಿ ಹಾಡುತ್ತಾ ನನ್ನ ಕೈ ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿ ಗಂಡನ ಟೋಪಿ ಇತ್ತು. ಪದ ಗೊತ್ತಿಲ್ಲದ ನಾನೂ ರಾಗ ಹಿಡಿದು ಗುನುಗಿದೆ. ಈ ಊರು ನನ್ನದೂ ಹೌದು ಅಂತ ಮೊದಲ ಸಲ ಅನಿಸಿದ್ದು ಆ ಗಳಿಗೆಯಲ್ಲೇ. ಗ್ರೀನ್ ಕಾರ್ಡ್ ಕೈಗೆ ಬಂದ ದಿನವೂ ಹಾಗೆ ಅನಿಸಿರಲಿಲ್ಲ.

2024ರ ಜುಲೈ 25ರಂದು ಅಲ್ಲಿ ತಮ್ಮ 150ನೇ ಕಾರ್ಯಕ್ರಮ ಕೊಟ್ಟು ಆ ಸರಣಿ ಮುಗಿಸಿದರು. 2025ರ ಮೇ ತಿಂಗಳಲ್ಲಿ ಮಿದುಳಿನ ಕಾಯಿಲೆ ಗೊತ್ತಾಗಿ, ಮುಂದಿನ ಕಾರ್ಯಕ್ರಮಗಳನ್ನೆಲ್ಲ ರದ್ದು ಮಾಡಿದರು. "ಮುಂದಿನ ವರ್ಷ ನೋಡೋಣ" ಅಂದಿದ್ದರೆ ನನಗೆ ಆ ರಾತ್ರಿ ಸಿಗುತ್ತಲೇ ಇರಲಿಲ್ಲ, ಅಲ್ವಾ?

ಟಿಕೆಟ್ ವಿಷಯ: ಮೇಲಿನ ಸೀಟೇ ಸಾಕು, ಹಾಡು ಎಲ್ಲಿ ಕೂತರೂ ಕೇಳುತ್ತೆ. ಫೀ ಸೇರಿ ಒಟ್ಟು ಎಷ್ಟು ಅಂತ ನೋಡಿಕೊಂಡು ದುಡ್ಡು ಕಟ್ಟಿ. ದೊಡ್ಡ ಬ್ಯಾಗು ಬೇಡ. ಕಾರಿಗಿಂತ ರೈಲು ಒಳ್ಳೆಯದು, ಕೊನೆಯ ರೈಲಿನ ಹೊತ್ತು ನೋಡಿಕೊಂಡಿರಿ. ಆಫೀಸಿಗೆ ಹೋಗಿ ಬರುವಾಗ ನೀವು ನೋಡಲು ಹೋಗುವ ಗಾಯಕರ ಹತ್ತು ಹಾಡು ಮತ್ತೆ ಮತ್ತೆ ಕೇಳಿ, ಪಲ್ಲವಿ ಬಾಯಿಗೆ ಬಂದರೆ ಸಾಕು. ಹೋಗಿ ಬಂದ ಮೇಲೆ, ಯಾವ ಹಾಡಿಗೆ ಜನ ಎದ್ದು ನಿಂತರು ಅಂತ ನನಗೆ ಬರೆಯಿರಿ.