ಅವ್ವನ ಫೈಲಿನ ಮೊದಲ ಹಾಳೆ

ಪ್ರಶ್ನೆ: ನಮ್ಮ ಅವ್ವನಿಗೆ 64 ವರ್ಷ. ಶುಗರ್, ಬಿಪಿ ಇವೆ. ಹೃದಯಕ್ಕೆ ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದ್ದಾರೆ. ಯಾದಗಿರಿ, ಕಲಬುರಗಿ, ಹೈದರಾಬಾದ್ ಮೂರೂ ಕಡೆಯ ಚೀಟಿಗಳು ಒಂದು ಚೀಲ ತುಂಬಿವೆ. ಹೋದಲ್ಲೆಲ್ಲ ಡಾಕ್ಟರು ‘ಯಾವಾಗ ಏನಾಯಿತು?’ ಎಂದು ಮೊದಲಿನಿಂದ ಕೇಳುತ್ತಾರೆ. ಸರಕಾರದ ಡಿಜಿಟಲ್ ಆರೋಗ್ಯ ಗುರುತಿನ ಆಭಾ ಕಾರ್ಡ್ ಮಾಡಿಸಿದ್ದೇವೆ, ಅದು ಸಾಲದೇ?
– ಓದುಗರು, ಶಹಾಪುರ

ಉತ್ತರ: ಸಾಲದು. ಆಭಾದ 14 ಅಂಕಿಯ ಸಂಖ್ಯೆ ಬರೀ ಗುರುತು. ಹಳೆಯ ಚೀಟಿಗಳು ತಾವಾಗಿ ಅದರೊಳಗೆ ಬಂದು ಕೂರುವುದಿಲ್ಲ. ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಒಂದೇ ಒಂದು ಹಾಳೆ ಇಡಿ. ಯಾವ ತಿಂಗಳು-ವರ್ಷ, ಏನಾಯಿತು, ಎಲ್ಲಿ, ಔಷಧದಲ್ಲಿ ಏನು ಬದಲಾಯಿತು ಎಂದು ನಾಲ್ಕು ಕಲಂ ಹಾಕಿ. ತಿಂಗಳಿಗೊಮ್ಮೆ ಶುಗರ್ ನೋಡಿಸಿದ್ದನ್ನೆಲ್ಲ ಇಲ್ಲಿ ತುಂಬಬೇಡಿ. ಇನ್ಸುಲಿನ್ ಶುರುವಾದದ್ದು, ಅಡ್ಮಿಟ್ ಆದದ್ದು, ಆಪರೇಷನ್, ರಕ್ತ ಹಾಕಿಸಿದ್ದು, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ರಕ್ತಪರೀಕ್ಷೆಯ ಅಂಕಿ) ಮೊದಲ ಸಲ ಏರಿದ್ದು, ಇಂಥವು ಮಾತ್ರ. ಮಾದರಿಗೆ ಒಂದು ಸಾಲು:

‘ಮಾರ್ಚ್ 2024 – ಹೃದಯಾಘಾತ, ಒಂದು ಸ್ಟೆಂಟ್ – ಕಲಬುರಗಿ – ಆಸ್ಪಿರಿನ್ 75, ಕ್ಲೊಪಿಡೋಗ್ರೆಲ್ 75 ಶುರು.’

ಶುರುವಾದದ್ದನ್ನು ಎಲ್ಲರೂ ಬರೆಯುತ್ತಾರೆ, ನಿಲ್ಲಿಸಿದ್ದನ್ನು ಬರೆಯುವವರು ಕಡಿಮೆ. ಸ್ಟೆಂಟ್ ಹಾಕಿ ಎಷ್ಟು ತಿಂಗಳಾಯಿತು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈ ಎರಡು ಗುಳಿಗೆಗಳಲ್ಲಿ ಯಾವುದು ಇನ್ನೂ ನಡೆದಿದೆ ಎಂಬುದು ಗೊತ್ತಾಗದಿದ್ದರೆ ಹಲ್ಲು ಕೀಳುವ ಡಾಕ್ಟರೂ ಹಿಂಜರಿಯುತ್ತಾರೆ. ಗುಳಿಗೆ ಮುಂದುವರಿಸಿದರೆ ರಕ್ತ ಬೇಗ ನಿಲ್ಲುವುದಿಲ್ಲ; ಅವಧಿಗೆ ಮುಂಚೆ ಬಿಡಿಸಿದರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಬಹುದು.

ತಾರೀಖು ನೆನಪಿಲ್ಲವೆಂದು ಯಾವುದೋ ಒಂದು ದಿನ ಹಾಕಬೇಡಿ. ಅವ್ವ ‘ಮೈಲಾಪುರ ಜಾತ್ರಿ ಮುಂದ’ ಅಂದರೆ ಅದು ಸಂಕ್ರಾಂತಿಯ ಆಸುಪಾಸು. ‘ಸುಮಾರು ಜನವರಿ’ ಎಂದು ಬರೆದರೆ ಸಾಕು.

‘ಆ ಇಂಜೆಕ್ಷನ್ ಆಗಿಬರಲ್ಲ’ ಎಂಬ ಮಾತಿನಿಂದ ಯಾವ ಡಾಕ್ಟರಿಗೂ ಪ್ರಯೋಜನವಿಲ್ಲ. ಔಷಧದ ಹೆಸರೇನು, ಕೊಟ್ಟ ಎಷ್ಟು ಹೊತ್ತಿಗೆ ಏನಾಯಿತು ಎಂಬುದು ಬೇಕು. ಮೈತುಂಬ ದದ್ದೆದ್ದು, ತುಟಿ ಊದಿ, ಉಸಿರು ಸಿಕ್ಕಿಕೊಂಡದ್ದು ಬೇರೆ. ಬರೀ ಹೊಟ್ಟೆ ಉರಿದದ್ದು ಬೇರೆ. ಮೊದಲನೆಯದನ್ನು ಹಾಳೆಯ ತಲೆಯ ಮೇಲೇ ಕೆಂಪು ಶಾಯಿಯಲ್ಲಿ ಬರೆಯಿರಿ.

ಇಸಿಜಿಯನ್ನು ಸಾಮಾನ್ಯವಾಗಿ ಶಾಖಕ್ಕೆ ಅಚ್ಚು ಮೂಡುವ ಥರ್ಮಲ್ ಕಾಗದದಲ್ಲಿ ತೆಗೆಯುತ್ತಾರೆ. ನಮ್ಮ ಬಿಸಿಲಿಗೆ ಅದು ಬೇಗ ಮಾಸುತ್ತದೆ. ಜೋಪಾನವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಿದರಂತೂ ಆ ಶಾಖಕ್ಕೆ ಕಪ್ಪಾಗಿ ಗೆರೆಯೇ ಕಾಣುವುದಿಲ್ಲ. ತೆಗೆಸಿದ ದಿನವೇ ಝೆರಾಕ್ಸ್ ಮಾಡಿಸಿ.

ಡಿಸ್ಚಾರ್ಜ್ ಸಮರಿ ಕಳೆದಿದ್ದರೆ ಆಸ್ಪತ್ರೆಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಸ್ಟೆಂಟ್ ಹಾಕಿಸಿ 3 ವರ್ಷ ದಾಟಿಲ್ಲವಾದರೆ ಈ ವಾರವೇ ಹೋಗಿ.