ಯೂರಿಕ್ ಆಸಿಡ್ ನಾರ್ಮಲ್ ಬಂದರೆ ಗೌಟ್ ಅಲ್ಲ ಅಂತಾನಾ? ಅಮ್ಮನಿಗೆ ಯಾವ ಪಥ್ಯ ಮಾಡಿಸಲಿ?

ನಿಮ್ಮಮ್ಮನಿಗೆ 61, ಬಿಪಿ ಮಾತ್ರೆ ನಡೀತಿದೆ, ಬೆರಳಿನ ಗಂಟು ಕೆಂಪಗೆ ಊದಿದೆ, ಯೂರಿಕ್ ಆಸಿಡ್ 5.6 ಬಂದಿದೆ, ‘ಹೆಂಗಸರಿಗೆ ಗೌಟ್ ಬರಲ್ಲ, ವಯಸ್ಸಿಗೆ ಮೂಳೆ ಸವೆದಿದೆ’ ಅಂದಿದ್ದಾರೆ. ವಯಸ್ಸು ಬಿಟ್ಟರೆ ಇದು ನನ್ನದೇ ಕಥೆ. ಗೌಟ್ ಅಂದರೆ ಯೂರಿಕ್ ಆಸಿಡ್ ಕೀಲಿನೊಳಗೆ ಹರಳುಗಟ್ಟಿ ಊತ, ನೋವು ಬರೋದು. ಪಥ್ಯದ ಮಾತು ಆಮೇಲೆ. ನನ್ನ ಪ್ರಕಾರ ನೀವು ಕೇಳಬೇಕಾದ ಪ್ರಶ್ನೆಯೇ ಅದಲ್ಲ.

ನನಗೆ ಮೊದಲು ಬಂದಿದ್ದು ಉಂಗುರದ ಬೆರಳಿಗೆ. ಮಲಗುವಾಗ ಸರಿಯಾಗಿತ್ತು. ಬೆಳಗಿನ ಜಾವಕ್ಕೆ ಊದಿಕೊಂಡು, ಹೊದಿಕೆ ತಾಗಿದರೂ ಜೀವ ಹೋಗುವ ಹಾಗೆ. ಸೋಪು, ಎಣ್ಣೆ ಎಲ್ಲ ಹಾಕಿದರೂ ಉಂಗುರ ಜಾರಲಿಲ್ಲ. ಗಾಂಧಿ ಬಜಾರಿನಲ್ಲಿ ಪರಿಚಯದ ಅಕ್ಕಸಾಲಿಯ ಹತ್ತಿರ ಹೋಗಿ ಕತ್ತರಿಸಿ ತೆಗೆಸಿದೆ. ಉಂಗುರದ ಕೆಳಗೆ ಅವರು ತೆಳ್ಳಗಿನ ತಗಡು ತೂರಿಸುವಾಗ ನಾನು ಕೂಗಿದ ರೀತಿಗೆ ಹೊರಗೆ ಹೂ ಮಾರುತ್ತಿದ್ದವಳು ಎದ್ದು ಒಳಗೆ ಬಂದಳು.

ಅಲ್ಲಿಂದ ನೇರ ಲ್ಯಾಬಿಗೆ. ಯೂರಿಕ್ ಆಸಿಡ್ 5.8, ನಾರ್ಮಲ್. ನಾನು ಕೆಟ್ಟಿದ್ದು ಇಲ್ಲೇ. ಇದನ್ನ ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಬೇಜಾರಾಗಬೇಡಿ. ನೋವು ತಾರಕಕ್ಕೇರಿದ ದಿನ ನಾನು ರಕ್ತ ಕೊಟ್ಟೆ. ಉರಿಯೂತ ಜೋರಾಗಿದ್ದಾಗ ಕಿಡ್ನಿ ಯೂರಿಕ್ ಆಸಿಡ್ಡನ್ನು ಮಾಮೂಲಿಗಿಂತ ಹೆಚ್ಚು ಹೊರಗೆ ಹಾಕುತ್ತದೆ. ಹಾಗಾಗಿ ಗೌಟ್ ಕೆರಳಿರುವಾಗಲೇ ರಕ್ತದಲ್ಲಿ ಅದು ಇಳಿದು ಕಾಣಬಹುದು. ಕೀಲಿನೊಳಗೆ ಹರಳು ಹಾಗೇ ಕೂತಿರುತ್ತದೆ, ಕಾಗದದ ಮೇಲೆ ಮಾತ್ರ ಎಲ್ಲ ಸರಿ! ನೋವು ಪೂರ್ತಿ ಇಳಿದು ಎರಡು ವಾರವಾದರೂ ಕಳೆದ ಮೇಲೆ ಮತ್ತೆ ಟೆಸ್ಟ್ ಮಾಡಿಸಬೇಕು. ನಾನು ಮಾಡಿಸಲಿಲ್ಲ. ಅದರ ಬದಲು ಆ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿ, ಮುಂದೆ ವರ್ಷಗಟ್ಟಲೆ ಹೋದ ಹೋದ ಡಾಕ್ಟರಿಗೆಲ್ಲ ಮೊದಲು ಅದನ್ನೇ ತೋರಿಸಿದೆ. ‘ಗೌಟ್ ಅಲ್ಲ ಸಾರ್, ನೋಡಿ, ಟೆಸ್ಟ್ ಆಗಿದೆ.’ ಅವರೂ ಆ ಕಡೆ ಮತ್ತೆ ನೋಡುತ್ತಿರಲಿಲ್ಲ. ನೋವು ಬಂದಾಗಲೆಲ್ಲ ಮೆಡಿಕಲ್ ಶಾಪಿನ ನೋವಿನ ಮಾತ್ರೆ. ಬಿಪಿ ಇರುವವಳು ಹಾಗೆ ನುಂಗಬಾರದಿತ್ತು, ಕಿಡ್ನಿ ಸೋಲುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರಿತು.

ಕೊನೆಗೆ ಉಗುರಿನ ಹತ್ತಿರದ ಗಂಟು ಒಡೆದು ಸುಣ್ಣದಂಥ ಬಿಳಿ ಪೇಸ್ಟ್ ಬಂತು. ಆಗ ರುಮಟಾಲಜಿ, ಅಂದರೆ ಕೀಲುವಾತದ ಡಾಕ್ಟರ್ ಹತ್ತಿರ ಹೋದೆ. ಅವರು ಅದನ್ನೇ ಗಾಜಿಗೆ ಸವರಿ ಪೋಲರೈಸ್ಡ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಯೂರಿಕ್ ಆಸಿಡ್ಡಿನ ಸೂಜಿಯಾಕಾರದ ಹರಳುಗಳು. ಅಲ್ಲಿಗೆ ವಾದ ಮುಗಿಯಿತು. ವಯಸ್ಸಾದ ಹೆಂಗಸರಲ್ಲಿ ಗೌಟ್ ಹೀಗೆ ಮೊದಲೇ ಸವೆದ ಬೆರಳಿನ ಗಂಟಿಗೇ ಬರುವುದುಂಟು, ಕಾಲಿನ ಹೆಬ್ಬೆರಳೇ ಆಗಬೇಕೆಂದಿಲ್ಲ. ಅದಕ್ಕೇ ಎಲ್ಲರೂ ಸವೆತ ಅಂತ ಕೈ ತೊಳೆದುಕೊಳ್ಳೋದು. ಗಂಟು ಒಡೆಯುವ ತನಕ ನೀವು ಕಾಯಬೇಡಿ. ಕೀಲಿನಿಂದ ಸೂಜಿಯಲ್ಲಿ ನೀರು ತೆಗೆದು ನೋಡಬಹುದು, ಅದು ಕಷ್ಟವಾದರೆ ಅಲ್ಟ್ರಾಸೌಂಡ್ ಇಲ್ಲವೇ ಹರಳು ತೋರಿಸುವ ಡ್ಯುಯಲ್ ಎನರ್ಜಿ ಸಿಟಿ ಸ್ಕ್ಯಾನ್ ಇದೆ.

ಇನ್ನು ‘ಹೆಂಗಸರಿಗೆ ಬರಲ್ಲ’ ಅನ್ನೋದು. ಮುಟ್ಟು ನಿಲ್ಲುವ ತನಕ ಹೆಂಗಸರಿಗೆ ಗೌಟ್ ಬರುವುದಿಲ್ಲ ಅಂತ ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರಟೀಸನ ಹೆಸರಿನ ಸೂತ್ರಗಳಲ್ಲೇ ಇದೆ. ಜನ ಕೊನೆಯ ಭಾಗವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ! ಹೆಂಗಸರ ಹಾರ್ಮೋನು ಈಸ್ಟ್ರೊಜೆನ್ ಇರುವ ತನಕ ಕಿಡ್ನಿ ಯೂರಿಕ್ ಆಸಿಡ್ಡನ್ನು ಚೆನ್ನಾಗಿ ಹೊರಹಾಕುತ್ತದೆ, ಆಮೇಲೆ ಆ ರಕ್ಷಣೆ ಇಲ್ಲ. ಅದರ ಮೇಲೆ ಬಿಪಿ ಮಾತ್ರೆ. ಅಮ್ಮನ ಸ್ಟ್ರಿಪ್ಪಿನ ಹಿಂದೆ ಹೈಡ್ರೊಕ್ಲೋರೊಥಯಜೈಡ್ ಅಥವಾ ಕ್ಲೋರ್‌ಥ್ಯಾಲಿಡೋನ್ ಅಂತ ಇದೆಯಾ ನೋಡಿ. ಇವು ಯೂರಿಕ್ ಆಸಿಡ್ ಏರಿಸುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ನನಗೆ ಲೊಸಾರ್ಟಾನ್‌ಗೆ ಬದಲಾಯಿಸಿದರು, ಅದು ಯೂರಿಕ್ ಆಸಿಡ್ಡನ್ನು ಸ್ವಲ್ಪ ಇಳಿಸುತ್ತದೆ ಕೂಡ.

ಗೌಟ್ ಅಂತ ಖಾತ್ರಿಯಾಗಿ, ಮತ್ತೆ ಮತ್ತೆ ಬರುತ್ತಿದ್ದರೆ ಯೂರಿಕ್ ಆಸಿಡ್ ಇಳಿಸುವ ಅಲೊಪ್ಯೂರಿನಾಲ್ ಮಾತ್ರೆ ಕೊಡಬಹುದು. ನನಗೆ 100 ಮಿಲಿಗ್ರಾಂಗಿಂತ ಕಮ್ಮಿಯಲ್ಲಿ ಶುರು ಮಾಡಿ, ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ಬರುವ ತನಕ ನಿಧಾನಕ್ಕೆ ಏರಿಸಿದರು. ಶುರುವಿನ ತಿಂಗಳುಗಳಲ್ಲಿ ಹಳೆ ಹರಳು ಕರಗುವಾಗ ನೋವು ಮತ್ತೆ ಕೆರಳಬಹುದು, ಅದಕ್ಕೇ ಜೊತೆಗೆ ಕಡಿಮೆ ಡೋಸಿನ ಕಾಲ್ಚಿಸಿನ್. ‘ಮಾತ್ರೆಯಿಂದಲೇ ನೋವು ಜಾಸ್ತಿ ಆಯ್ತು’ ಅಂತ ಅರ್ಧಕ್ಕೆ ಬಿಡುವವರೇ ಹೆಚ್ಚು. ಬಿಡಬಾರದು. ಮೈ ಮೇಲೆ ಗುಳ್ಳೆ, ದದ್ದು ಬಂದರೆ ಮಾತ್ರ ತಕ್ಷಣ ನಿಲ್ಲಿಸಿ ಡಾಕ್ಟರ ಹತ್ತಿರ ಓಡಿ.

ಪಥ್ಯ ಕೇಳಿದಿರಲ್ಲ. ನಮ್ಮ ಬೀದಿಯವರೆಲ್ಲ ಸೇರಿ ನನಗೆ ಬೇಳೆ, ಸೊಪ್ಪು, ಟೊಮೆಟೊ ಬಿಡಿಸಿದರು, ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರೂ ಇಲ್ಲ. ಸುಮ್ನೆ ನಾಲಿಗೆ ಕಟ್ಟಿದ್ದಷ್ಟೇ ಬಂತು. 2004ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಪ್ಯೂರಿನ್ (ಮೈಯಲ್ಲಿ ಯೂರಿಕ್ ಆಸಿಡ್ ಆಗುವ ಅಂಶ) ಜಾಸ್ತಿ ಇರುವ ತರಕಾರಿಗಳಿಂದ ಗೌಟ್ ಹೆಚ್ಚಿದ್ದು ಕಾಣಲಿಲ್ಲ, ಮಾಂಸ ಮತ್ತು ಮೀನಿನಿಂದ ಹೆಚ್ಚಿತ್ತು. (ಅದೂ ಗಂಡಸರ ಮೇಲೇ ನಡೆದಿದ್ದು, ಇರಲಿ.) ಬಾಟಲಿಯ ಸಿಹಿ ಪಾನೀಯ ಬಿಡಿಸಿ, ಮಾಂಸಾಹಾರಿಗಳಾದರೆ ಲಿವರ್ ಬೇಡ. ಆದರೆ ಪಥ್ಯವೊಂದರಿಂದ ಯೂರಿಕ್ ಆಸಿಡ್ ಇಳಿಯುವುದು ಸ್ವಲ್ಪವೇ.

ಊತದ ಜೊತೆ ಚಳಿಜ್ವರ ಬಂದರೆ ಇದ್ಯಾವುದನ್ನೂ ಯೋಚಿಸಬೇಡಿ. ಕೀಲಿನೊಳಗೆ ಕೀವಾಗಿರಬಹುದು, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.