ಪಾಯಿಂಟ್ ಕೊಂಡರೆ ರಜೆ ಸಿಗುತ್ತಾ?

ಪ್ರಶ್ನೆ: ನನಗೆ 41 ವರ್ಷ. ಊರು ಹುಬ್ಬಳ್ಳಿ. ನಮ್ಮನೆಯವರು ಬ್ಯಾಂಕಿನಲ್ಲಿ ಅಧಿಕಾರಿ. ಮಗಳು ಒಂಬತ್ತನೇ ಕ್ಲಾಸು, ಮಗ ಆರನೇ ಕ್ಲಾಸು. ಅತ್ತೆಯವರು ನಮ್ಮ ಜೊತೆಗೇ ಇದ್ದಾರೆ, ಅವರಿಗೆ ಮೊಣಕಾಲು ನೋವು. ನಾದಿನಿ ಧಾರವಾಡದಲ್ಲಿದ್ದಾರೆ. ಮದುವೆಯಾಗಿ ಹದಿನೇಳು ವರ್ಷವಾಯಿತು. ಮನೆದೇವರು, ಮದುವೆ, ಗೃಹಪ್ರವೇಶ ಬಿಟ್ಟರೆ ನಾವು ಎಲ್ಲಿಗೂ ಹೋಗಿಲ್ಲ. ಹೋದ ತಿಂಗಳು ಮಾಲ್‌ನಲ್ಲಿ ಲಕ್ಕಿ ಕೂಪನ್ ತುಂಬಿದ್ದೆವು. ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬನ್ನಿ ಎಂದು ಫೋನ್ ಬಂತು. ಹೋಟೆಲಿನಲ್ಲಿ ಮೂರು ಗಂಟೆ ಕೂರಿಸಿ ಒಂದು ಹಾಲಿಡೇ ಮೆಂಬರ್‌ಶಿಪ್ ಬಗ್ಗೆ ಹೇಳಿದರು. ತೆರಿಗೆ ಸೇರಿ 4,20,000 ರೂಪಾಯಿ, ಹತ್ತು ವರ್ಷ. ವರ್ಷಕ್ಕೆ 6,000 ಪಾಯಿಂಟ್, ಅದನ್ನು ಕೊಟ್ಟು ಅವರ ರೆಸಾರ್ಟ್‌ಗಳಲ್ಲಿ ರೂಮು ಪಡೆಯಬೇಕು. ‘ವಾರಾಂತ್ಯಕ್ಕೆ ಎರಡೆರಡು ದಿನ ಅಂತ ಬಳಸಬಹುದು, ವರ್ಷಕ್ಕೆ 15 ರಾತ್ರಿ ಸಿಗುತ್ತೆ, ಇದೊಂದು ಆಸ್ತಿ ಇದ್ದ ಹಾಗೆ’ ಎಂದರು. ವರ್ಷಕ್ಕೆ 14,000 ರೂಪಾಯಿ ನಿರ್ವಹಣಾ ಶುಲ್ಕ ಬೇರೆ. ಅವತ್ತೇ 10,000 ಟೋಕನ್ ಕೊಟ್ಟು ಬಂದೆವು, ಸಹಿ ಇನ್ನೂ ಹಾಕಿಲ್ಲ. ಮಗಳ ಓದಿಗೆಂದು ಇಟ್ಟ ಎಫ್‌ಡಿ ಸದ್ಯದಲ್ಲೇ ಕೈಗೆ ಬರುತ್ತದೆ. ಅದರಲ್ಲಿ ಕಟ್ಟೋಣ, ದುಡ್ಡು ಕಟ್ಟಿದರೆ ಹೋಗಲೇಬೇಕಾಗುತ್ತೆ ಅಂತಾರೆ ಇವರು. ನನಗೆ ಭಯ. ಆದರೆ ಬೇಡ ಅಂದರೆ ಇನ್ನು ಯಾವತ್ತೂ ಎಲ್ಲಿಗೂ ಕರೆಯಲಿಕ್ಕಿಲ್ಲ ಎನ್ನುವ ಭಯ ಅದಕ್ಕಿಂತ ಜಾಸ್ತಿ. ಏನು ಮಾಡಲಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನೇರವಾಗಿಯೇ ಹೇಳಿಬಿಡುತ್ತೇನೆ. ಸಹಿ ಹಾಕಬೇಡಿ. ಆದರೆ ‘ಬೇಡ’ ಎಂದಷ್ಟೇ ಹೇಳಿ ಸುಮ್ಮನಾಗಲೂ ಬೇಡಿ. ನಿಮ್ಮ ಎರಡನೇ ಭಯ ಸುಳ್ಳಲ್ಲ. ಹದಿನೇಳು ವರ್ಷದಲ್ಲಿ ಮೊದಲ ಸಲ ನಿಮ್ಮ ಯಜಮಾನರು ‘ಹೋಗೋಣ’ ಎಂದಿದ್ದಾರೆ. ಆ ಮಾತನ್ನು ಉಳಿಸಿಕೊಳ್ಳಬೇಕು, ಕಾಗದವನ್ನು ಬಿಡಬೇಕು. ಎರಡೂ ಒಟ್ಟಿಗೆ ಆಗಬೇಕಾದರೆ ಸ್ವಲ್ಪ ತಯಾರಿ ಬೇಕು.

ಮೊದಲು ಆ ಪಾಯಿಂಟ್ ವಿಷಯ ನೋಡೋಣ. ರೆಸಾರ್ಟಿನ ರೂಮನ್ನು ವರ್ಷಕ್ಕೆ ಇಷ್ಟು ದಿನ ಬಳಸುವ ಹಕ್ಕನ್ನು ಮೊದಲೇ ದುಡ್ಡು ಕೊಟ್ಟು ಕೊಳ್ಳುವುದಕ್ಕೆ ಟೈಮ್‌ಶೇರ್ ಎನ್ನುತ್ತಾರೆ. ಅದು ಹಿಂದೆ ಬೇರೆ ಥರ ಇತ್ತು. ಒಂದು ರೆಸಾರ್ಟ್, ಅದರಲ್ಲಿ ವರ್ಷಕ್ಕೆ ಒಂದು ವಾರ, ಬಹುತೇಕ ಅದೇ ವಾರ. ಏಳು ದಿನ ಒಟ್ಟಿಗೆ ರಜೆ ಸಿಗದವರಿಗೆ ಅದು ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಪಾಯಿಂಟ್ ಪದ್ಧತಿ ಬಂದಿದ್ದು ಆ ವಾರವನ್ನು ಒಡೆದು ಎರಡು ದಿನ, ಮೂರು ದಿನ ಅಂತ ಬಳಸಲಿಕ್ಕೆ. ಆ ಮಟ್ಟಿಗೆ ಕಂಪನಿಯವರು ಹೇಳಿದ್ದು ನಿಜ. ತಿರುವು ಇರುವುದು ಚಾರ್ಟ್‌ನಲ್ಲಿ. ಒಂದು ರಾತ್ರಿಗೆ ಎಷ್ಟು ಪಾಯಿಂಟ್ ಎನ್ನುವುದು ಊರು, ಸೀಸನ್, ವಾರದ ದಿನ, ರೂಮಿನ ಅಳತೆ ನೋಡಿ ಬದಲಾಗುತ್ತದೆ.

ನೀವು ಕಳಿಸಿದ ಚಾರ್ಟ್ ನೋಡಿದೆ. 15 ರಾತ್ರಿ ಎಂಬ ಲೆಕ್ಕ ಬಂದಿದ್ದು 400 ಪಾಯಿಂಟ್‌ನ ರೂಮಿನಿಂದ. ಅದು ಯಾವುದು? ಸ್ಟುಡಿಯೋ ರೂಮು, ಇಬ್ಬರು ದೊಡ್ಡವರು ಇಬ್ಬರು ಮಕ್ಕಳಿಗೆ. ಸೋಮವಾರದಿಂದ ಗುರುವಾರದ ತನಕ. ಅದೂ ಮಳೆಗಾಲದಲ್ಲಿ. ಜುಲೈ ತಿಂಗಳ ಮಂಗಳವಾರ ಮಡಿಕೇರಿಯ ಮಳೆ ನೋಡಿಕೊಂಡು ಕೂರುವುದು ಕೆಲವರಿಗೆ ಬಹಳ ಇಷ್ಟ, ನನಗೂ ಇಷ್ಟವೇ. ಆದರೆ ಆ ಮಂಗಳವಾರ ನಿಮ್ಮ ಮಕ್ಕಳು ಶಾಲೆಯಲ್ಲಿರುತ್ತಾರೆ, ಯಜಮಾನರು ಬ್ಯಾಂಕಿನಲ್ಲಿರುತ್ತಾರೆ. ನಿಮಗೆ ಬೇಕಾಗುವುದು ಐದು ಜನರಿಗೆ ಸಾಲುವ ಒಂದು ಬೆಡ್‌ರೂಮಿನ ಮನೆ, ಶುಕ್ರವಾರ ಶನಿವಾರದ ರಾತ್ರಿ, ದಸರಾ ಅಥವಾ ಬೇಸಿಗೆ ರಜೆಯಲ್ಲಿ. ಅದಕ್ಕೆ ಅದೇ ಚಾರ್ಟ್‌ನ ಕೆಳಗಿನ ಸಾಲಿನಲ್ಲಿ 1,500 ಪಾಯಿಂಟ್ ಇದೆ. 6,000 ಪಾಯಿಂಟ್‌ಗೆ ನಾಲ್ಕೇ ರಾತ್ರಿ. ಅಂದರೆ ವರ್ಷಕ್ಕೆ ಎರಡು ವಾರಾಂತ್ಯ.

ಈಗ ದುಡ್ಡಿನ ಲೆಕ್ಕ. 4,20,000ವನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 42,000. ನಿರ್ವಹಣಾ ಶುಲ್ಕ 14,000. ಒಟ್ಟು 56,000. ನಾಲ್ಕು ರಾತ್ರಿಗೆ ಹಂಚಿ, ಒಂದು ರಾತ್ರಿಗೆ 14,000 ಬಿತ್ತು. ಊಟ ಇದರಲ್ಲಿಲ್ಲ. ಇಂಥ ರೆಸಾರ್ಟ್‌ಗಳು ಊರಿಂದ ದೂರ ಇರುತ್ತವೆ, ಹೊರಗೆ ಖಾನಾವಳಿ ಹುಡುಕಿಕೊಂಡು ಹೋಗುವ ಮಾತೇ ಇಲ್ಲ. ಐದು ಜನರ ಮೂರು ಹೊತ್ತಿನ ಊಟ ಅವರ ದರದಲ್ಲೇ ಆಗಬೇಕು. ನಿರ್ವಹಣಾ ಶುಲ್ಕವೂ ಹತ್ತು ವರ್ಷ 14,000ದಲ್ಲೇ ನಿಲ್ಲುವುದಿಲ್ಲ. ಎಷ್ಟು ಏರಿಸಬಹುದು ಎಂಬುದಕ್ಕೆ ಒಪ್ಪಂದದಲ್ಲಿ ಮಿತಿ ಬರೆದಿದೆಯಾ ನೋಡಿ. ಪಾಯಿಂಟ್ ಚಾರ್ಟ್ ಬದಲಾಯಿಸುವ ಹಕ್ಕನ್ನು ಕಂಪನಿ ತನ್ನ ಹತ್ತಿರ ಇಟ್ಟುಕೊಂಡಿದೆಯಾ ಎಂಬುದನ್ನು ಅದಕ್ಕಿಂತ ಮುಂಚೆ ನೋಡಿ. ಇವತ್ತಿನ 1,500 ನಾಳೆ 1,800 ಆದರೆ ನಿಮ್ಮ ನಾಲ್ಕು ರಾತ್ರಿ ಮೂರಾಯಿತು.

ಅದೇ 4,20,000 ಎಫ್‌ಡಿಯಲ್ಲೇ ಇದ್ದರೆ? 6.5% ಬಡ್ಡಿ ಎಂದಿಟ್ಟುಕೊಳ್ಳಿ, ವರ್ಷಕ್ಕೆ 27,300. ಕಟ್ಟದೇ ಉಳಿದ ನಿರ್ವಹಣಾ ಶುಲ್ಕ 14,000 ಸೇರಿಸಿ. 41,300 ಆಯಿತು. ಬಡ್ಡಿಯ ಮೇಲಿನ ತೆರಿಗೆ ಕಳೆದರೂ ಪ್ರತಿವರ್ಷ ಎರಡು ವಾರಾಂತ್ಯ ಒಳ್ಳೆಯ ಕಡೆಯೇ ಹೋಗಿಬರಬಹುದು. ಮಗಳ ಕಾಲೇಜಿನ ದುಡ್ಡಿಗೆ ಕೈ ಹಾಕಿದಂತೆಯೂ ಆಗಲಿಲ್ಲ.

‘ಆಸ್ತಿ ಇದ್ದ ಹಾಗೆ’ ಅಂದರಲ್ಲ, ಅದೊಂದು ಮಾತು ನನಗೆ ಸಿಟ್ಟು ತರಿಸಿತು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಇಲ್ಲ, ಖಾತಾ ಇಲ್ಲ, ಒಂದು ಅಡಿ ಜಾಗ ನಿಮ್ಮ ಹೆಸರಿಗೆ ಬರುವುದಿಲ್ಲ. ಹತ್ತು ವರ್ಷ ರೂಮು ಕೇಳುವ ಹಕ್ಕು ಅಷ್ಟೆ. ರೂಮು ಖಾಲಿ ಇದ್ದರೆ ಕೊಡುತ್ತಾರೆ. ಮಧ್ಯದಲ್ಲಿ ಬೇಡವಾಯಿತು ಎಂದು ಮಾರಲು ಹೊರಟರೆ ಕೊಳ್ಳುವವರು ಸಿಗುವುದು ಕಷ್ಟ, ಸಿಕ್ಕರೂ ಕೊಟ್ಟ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಇದೆಲ್ಲ ಎಲ್ಲರಿಗೂ ಅನ್ವಯಿಸುವ ಮಾತು. ನಿಮ್ಮ ಮನೆಗೇ ಸಂಬಂಧಪಟ್ಟದ್ದು ಬೇರೆ ಇದೆ. ಬ್ಯಾಂಕಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ರಜೆ. ಅಂದರೆ ನಿಮ್ಮ ವಾರಾಂತ್ಯಗಳು ತಿಂಗಳಿಗೆ ಎರಡು, ಅವೂ ತಾರೀಖು ಗೊತ್ತಾಗಿರುವಂಥವು. ರಾಜ್ಯದ ಉಳಿದ ಬ್ಯಾಂಕ್ ಕುಟುಂಬಗಳಿಗೂ ಅವೇ ತಾರೀಖು. ರೂಮಿಗೆ ನೂಕುನುಗ್ಗಲು ಇರುವುದು ಅವತ್ತೇ. ಇನ್ನು ಅವರ ಪಟ್ಟಿಯಲ್ಲಿರುವ ಊರುಗಳು ಮಡಿಕೇರಿ, ಊಟಿ, ಮುನ್ನಾರ್, ಗೋವಾ. ಹುಬ್ಬಳ್ಳಿಯಿಂದ ಮಡಿಕೇರಿಗೆ ನಾನೂರು ಕಿಲೋಮೀಟರ್ ದಾಟುತ್ತದೆ. ಶುಕ್ರವಾರ ಬ್ಯಾಂಕ್ ಮುಗಿಸಿ ಹೊರಟರೆ ಆ ರಾತ್ರಿಯ 1,500 ಪಾಯಿಂಟ್ ರಸ್ತೆಯಲ್ಲೇ ಕರಗುತ್ತದೆ. ಎರಡು ದಿನದ ಪ್ರವಾಸಕ್ಕೆ ನಿಮಗೆ ಒಗ್ಗುವುದು ಗೋವಾ ಒಂದೇ. ಅತ್ತೆಯವರ ಮೊಣಕಾಲು ಕೂಡ ಈ ಲೆಕ್ಕದಲ್ಲಿ ಬರಬೇಕು, ಅಲ್ವಾ?

ಮಕ್ಕಳ ಕ್ಲಾಸು ಎಣಿಸಿ ನೋಡಿ. ಮಗಳಿಗೆ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಅದಾಗಿ ಎರಡು ವರ್ಷಕ್ಕೆ ದ್ವಿತೀಯ ಪಿಯುಸಿ. ಅದರ ಮರುವರ್ಷ ಮಗನ ಎಸ್ಸೆಸ್ಸೆಲ್ಸಿ, ಮತ್ತೆರಡು ವರ್ಷಕ್ಕೆ ಅವನ ಪಿಯುಸಿ. ಹತ್ತರಲ್ಲಿ ನಾಲ್ಕು ವರ್ಷ ನಮ್ಮ ಮನೆಗಳಲ್ಲಿ ಟೀವಿಯನ್ನೂ ಹಾಕುವುದಿಲ್ಲ, ಇನ್ನು ರೆಸಾರ್ಟ್ ಎಲ್ಲಿ? ಬಳಸದ ಪಾಯಿಂಟ್ ಎಷ್ಟು ವರ್ಷ ಉಳಿಯುತ್ತದೆ ಎಂದು ಕೇಳಿ. ಅದಕ್ಕೂ ಒಂದು ಗಡುವು ಇರುತ್ತದೆ. ನಿರ್ವಹಣಾ ಶುಲ್ಕ ಮಾತ್ರ ನೀವು ಹೋಗಲಿ ಬಿಡಲಿ ಕಟ್ಟಬೇಕು. ಅಧಿಕಾರಿಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆಯೂ ಇದ್ದದ್ದೇ.

ಇಂಥ ಮೆಂಬರ್‌ಶಿಪ್ ಯಾರಿಗೂ ಬೇಡ ಎಂದು ನಾನು ಹೇಳುವುದಿಲ್ಲ. ನಿವೃತ್ತರಾದ ದಂಪತಿ, ವಾರದ ಮಧ್ಯೆ ಹೊರಡಬಲ್ಲವರು, ನಾಲ್ಕು ತಿಂಗಳು ಮೊದಲೇ ಬುಕ್ ಮಾಡುವ ಶಿಸ್ತಿರುವವರು, ಸ್ಟುಡಿಯೋ ರೂಮು ಸಾಕು ಎನ್ನುವವರು: ಅವರಿಗೆ ಆ 400 ಪಾಯಿಂಟ್‌ನ ಸಾಲು ನಿಜವಾಗಿ ಸಿಗುತ್ತದೆ. ನಿಮಗೆ ಅದು ಸಿಗುವುದು ಇನ್ನೂ ಬಹಳ ವರ್ಷದ ಮೇಲೆ. ಆಗ ಬೇಕೆನಿಸಿದರೆ ಆಗ ಕೊಳ್ಳಿ. ಕಂಪನಿಗಳೆಲ್ಲಿ ಹೋಗುತ್ತವೆ.

ಈಗ ಕಷ್ಟದ ಭಾಗ. ‘ದುಡ್ಡು ಕಟ್ಟಿದರೆ ಹೋಗಲೇಬೇಕಾಗುತ್ತೆ’ ಎಂದಿದ್ದಾರಲ್ಲ, ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮಾತು. ಅವರಿಗೂ ಹೋಗಬೇಕು ಅಂತಿದೆ. ತಮ್ಮ ಮೇಲೆ ತಮಗೇ ನಂಬಿಕೆ ಇಲ್ಲ, ಅದಕ್ಕೇ ಒಂದು ಒತ್ತಾಯ ಹುಡುಕುತ್ತಿದ್ದಾರೆ. ಆದರೆ ಹದಿನೇಳು ವರ್ಷ ನೀವು ಹೋಗದಿದ್ದದ್ದು ದುಡ್ಡಿಲ್ಲದೆ ಅಲ್ಲ. ರಜೆ ಕೇಳಲಿಲ್ಲ, ಅತ್ತೆಯವರನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಗೆಹರಿಯಲಿಲ್ಲ, ತಾರೀಖು ಗೊತ್ತಾಗಲಿಲ್ಲ. ಮೆಂಬರ್‌ಶಿಪ್ ಈ ಮೂರರಲ್ಲಿ ಒಂದನ್ನೂ ಬಗೆಹರಿಸುವುದಿಲ್ಲ. ಪಾಯಿಂಟ್‌ನಲ್ಲಿ ತಾರೀಖೇ ಇಲ್ಲವಲ್ಲ. ಈ ವರ್ಷ ಆಗಲಿಲ್ಲ, ಮುಂದಿನ ವರ್ಷಕ್ಕೆ ಉಳಿಯುತ್ತೆ ಬಿಡು ಎಂದು ಮುಂದೂಡಲು ಅದರಷ್ಟು ಅನುಕೂಲ ಇನ್ನೊಂದಿಲ್ಲ. ತಾರೀಖು ಹಾಕಿ ಬುಕ್ ಮಾಡಿದ ಎರಡು ರಾತ್ರಿಯನ್ನು ಹಾಗೆ ಮುಂದೂಡಲು ಮನಸ್ಸು ಬರುವುದಿಲ್ಲ.

ಆದ್ದರಿಂದ ಅವರ ಜೊತೆ ಮಾತಾಡುವ ಮೊದಲು ಒಂದು ಕೆಲಸ ಮಾಡಿ. ನಾಲ್ಕನೆಯದೋ ಎರಡನೆಯದೋ ಒಂದು ಶನಿವಾರ ನೋಡಿ, ಹತ್ತಿರದ ಒಂದು ಊರು ಆರಿಸಿ. ಹುಬ್ಬಳ್ಳಿಯವರಿಗೆ ಇದೊಂದು ಭಾಗ್ಯ. ದಾಂಡೇಲಿ ಸುಮಾರು 75 ಕಿಲೋಮೀಟರ್. ಕಾಳಿ ನದಿ ದಡದಲ್ಲಿ ಹೋಮ್‌ಸ್ಟೇಗಳಿವೆ, ಸರ್ಕಾರದ ಜಂಗಲ್ ಲಾಡ್ಜಸ್ ಕೂಡ ಇದೆ. ಬಾದಾಮಿಗೆ ರೈಲೇ ಇದೆ, ಕೆಎಸ್‌ಟಿಡಿಸಿಯ (ರಾಜ್ಯ ಪ್ರವಾಸೋದ್ಯಮ ನಿಗಮ) ಹೋಟೆಲ್ ಮಯೂರ ಚಾಲುಕ್ಯ ಇದೆ. ಹಂಪಿಗೆ ಹೋದರೆ ಕಮಲಾಪುರದಲ್ಲಿ ಮಯೂರ ಭುವನೇಶ್ವರಿ. ಅತ್ತೆಯವರು ಬರುವುದಾದರೆ ನೆಲಮಹಡಿಯ ರೂಮು ಕೇಳಿ. ಬರಲಾಗದಿದ್ದರೆ, ಧಾರವಾಡದಲ್ಲಿ ನಿಮ್ಮ ನಾದಿನಿ ಇದ್ದಾರೆ ಎಂದು ಬರೆದಿದ್ದೀರಿ. ಎರಡು ರಾತ್ರಿ ಅಮ್ಮನ ಹತ್ತಿರ ಬಂದಿರಲು ಆಗುತ್ತಾ ಎಂದು ಕೇಳಿ. ಕೇಳುವ ಮುಂಚೆಯೇ ಆಗಲಿಕ್ಕಿಲ್ಲ ಎಂದುಕೊಳ್ಳುವುದು ನಮ್ಮ ಸೊಸೆಯಂದಿರ ಹಳೇ ಚಾಳಿ.

ಇನ್ನೊಂದು. ಬಹಳಷ್ಟು ಬ್ಯಾಂಕುಗಳು ತಮ್ಮ ಸಿಬ್ಬಂದಿಗೆ ಹಾಲಿಡೇ ಹೋಮ್ ಇಟ್ಟಿವೆ, ಬಾಡಿಗೆ ಬಹಳ ಕಡಿಮೆ. ಎಲ್‌ಎಫ್‌ಸಿ, ಅಂದರೆ ರಜೆಯ ಪ್ರವಾಸದ ಪ್ರಯಾಣ ಖರ್ಚು ಬ್ಯಾಂಕೇ ಕೊಡುವ ಸೌಲಭ್ಯವೂ ಇರುತ್ತದೆ. ಇವರ ಬ್ಯಾಂಕಿನಲ್ಲಿ ಏನೇನಿದೆ, ಇಷ್ಟು ವರ್ಷದಲ್ಲಿ ಎಷ್ಟು ಬಳಸಿದ್ದಾರೆ ಎಂದು ಪ್ರೀತಿಯಿಂದಲೇ ವಿಚಾರಿಸಿ. ಕೈಯಲ್ಲಿರುವ ರಜೆಯ ಹಕ್ಕೇ ಬಳಸದೆ ಬಿದ್ದಿರುವಾಗ ಇನ್ನೊಂದನ್ನು ದುಡ್ಡು ಕೊಟ್ಟು ಕೊಳ್ಳುವುದು ಯಾಕೆ?

ಮಾತಾಡುವಾಗ ದಯವಿಟ್ಟು ‘ಬ್ಯಾಂಕಿನವರಾಗಿ ಇಷ್ಟೂ ಗೊತ್ತಾಗಲಿಲ್ವಾ’ ಎನ್ನಬೇಡಿ. ಆ ಹಾಲ್‌ನಲ್ಲಿ ಕೂತರೆ ಯಾರಿಗಾದರೂ ಹಾಗೇ ಆಗುತ್ತದೆ. ಜೋರು ಸಂಗೀತ, ಪಕ್ಕದ ಟೇಬಲಿನಲ್ಲಿ ಯಾರೋ ಸೇರಿದರೆಂದು ಚಪ್ಪಾಳೆ, ಇವತ್ತೊಂದೇ ದಿನ ಈ ರೇಟು ಎಂಬ ಗಡಿಬಿಡಿ. ಮೂರು ಗಂಟೆ ಕೂರಿಸುವುದೇ ಯೋಚಿಸುವ ತಾಕತ್ತು ಕರಗಲಿ ಎಂದು. ಗಂಡ ಹೆಂಡತಿ ಇಬ್ಬರನ್ನೂ ಕರೆಯುವುದು ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಎನ್ನಲು ದಾರಿ ಇರಬಾರದೆಂದು. ಅದಕ್ಕೆ ನೀವೇ ಲೆಕ್ಕ ಒಪ್ಪಿಸುವ ಬದಲು ಚಾರ್ಟನ್ನು ಅವರ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿ. ‘ನಿಮ್ಮ ಬ್ರಾಂಚಿಗೆ ಒಬ್ಬರು ಬಂದು ಇದನ್ನು ಕೊಳ್ಳಲಿಕ್ಕೆ ಸಾಲ ಬೇಕು ಅಂದರೆ ನೀವು ಕೊಡ್ತೀರಾ?’ ಉತ್ತರ ಅವರ ಬಾಯಿಂದಲೇ ಬರಲಿ. ಬಂದ ಮೇಲೆ ದಾಂಡೇಲಿಯದೋ ಬಾದಾಮಿಯದೋ ಬುಕಿಂಗ್ ತೋರಿಸಿ. ಮೊದಲು ಬುಕಿಂಗ್ ತೋರಿಸಿದರೆ ಎರಡೂ ಇರಲಿ ಎಂದುಬಿಟ್ಟಾರು.

ಆಮೇಲೂ ಅವರಿಗೆ ಆಸೆ ಉಳಿದರೆ ಒಂದು ಪರೀಕ್ಷೆ ಹೇಳುತ್ತೇನೆ. ಈಗಾಗಲೇ ಸದಸ್ಯರಾಗಿರುವ ಯಾರಾದರೂ ಪರಿಚಯದವರು ಸಿಗುತ್ತಾರಾ ನೋಡಿ. ಅವರ ಮೊಬೈಲಿನಲ್ಲಿ ಕಂಪನಿಯ ಆ್ಯಪ್ ತೆರೆದು ದಸರಾ ರಜೆಯ ಒಂದು ಶನಿವಾರ ಗೋವಾದಲ್ಲಿ ಐದು ಜನರಿಗೆ ರೂಮು ಹುಡುಕಿ. ಏನು ಬರುತ್ತದೆ ಎಂದು ಇಬ್ಬರೂ ಒಟ್ಟಿಗೆ ನೋಡಿ.

ಇನ್ನು ಆ ಹತ್ತು ಸಾವಿರ. ಹತ್ತು ಸಾವಿರ ಹೋಗುತ್ತಲ್ಲ ಎಂದು ನಾಲ್ಕು ಲಕ್ಷ ಕಟ್ಟಬೇಡಿ. ರಸೀದಿಯಲ್ಲಿ ವಾಪಸಾತಿ ಬಗ್ಗೆ ಏನು ಬರೆದಿದೆ ಓದಿ. ಯುರೋಪಿನಲ್ಲಿ ಟೈಮ್‌ಶೇರ್ ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು ಎಂದು 2009ರಲ್ಲೇ ನಿಯಮ ಮಾಡಿದ್ದಾರೆ. ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ, ಕಾಗದದಲ್ಲಿ ಬರೆದದ್ದೇ ಮುಖ್ಯವಾಗುತ್ತದೆ. ಆದರೂ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ‘ನಾವು ಸದಸ್ಯರಾಗುವುದಿಲ್ಲ, ಟೋಕನ್ ವಾಪಸ್ ಕೊಡಿ’ ಎಂದು ಇವತ್ತೇ ಇಮೇಲ್ ಕಳಿಸಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಉತ್ತರ ಬರದಿದ್ದರೆ 1915, ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಎಲ್ಲಿದೆಯೋ ಅಲ್ಲಿಗೆ ಓಡಬೇಕಿಲ್ಲ. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ.

ಇಮೇಲ್ ಹೋದ ಮೇಲೆ ಫೋನ್ ಬರುತ್ತದೆ. ಅವತ್ತಿನ ಹುಡುಗನಲ್ಲ, ಅವನ ಮೇಲಿನವರು. ನಿಮಗೋಸ್ಕರ ಐವತ್ತು ಸಾವಿರ ಕಡಿಮೆ ಮಾಡಿಸಿದ್ದೇನೆ ಎನ್ನಬಹುದು. ಆಗಲೂ ಒಂದು ರಾತ್ರಿಗೆ 12,750 ಆಗುತ್ತದೆ, ಊಟ ಬೇರೆ.